ಅಡುಗೆಕಟ್ಟೆಗೆ ಬೆಳಕು: ಕ್ಯಾಬಿನೆಟ್ ಅಡಿಯ ಲೈಟಿಗೆ ವೈರಿಂಗ್ ಮಾಡುವ ಸಮಗ್ರ ಮಾರ್ಗದರ್ಶಿ

ರಾತ್ರಿ ಏಳೂವರೆಗೆ ಅಡುಗೆಮನೆಯ ಟ್ಯೂಬ್‌ಲೈಟ್ ಹಾಕಿ ಕಟ್ಟೆ ಮುಂದೆ ನಿಂತುಕೊಳ್ಳಿ. ಮೊರದಲ್ಲಿ ಒಂದು ಪಾವು ಅಕ್ಕಿ ಹರಡಿ ನೋಡಿ. ಕಲ್ಲು ಕಾಣುವುದಿಲ್ಲ. ಲೈಟು ಬೆನ್ನ ಹಿಂದೆ ಚಾವಣಿಯಲ್ಲಿದೆ, ನಡುವೆ ನಿಮ್ಮ ತಲೆ ಅಡ್ಡ ಬಂದಿದೆ, ಸಾಲದ್ದಕ್ಕೆ ಮೇಲಿನ ಕ್ಯಾಬಿನೆಟ್ಟು ತನ್ನ ನೆರಳನ್ನೂ ಸೇರಿಸುತ್ತದೆ. ನಮ್ಮಮ್ಮ ಮೊರ ಹಿಡಿದುಕೊಂಡು ಹಾಲಿಗೆ ಬಂದು ಅಕ್ಕಿ ಆರಿಸುವುದು ಧಾರಾವಾಹಿಗೋಸ್ಕರ ಅಂತ ನಾವು ಎಷ್ಟೋ ವರ್ಷ ಅಂದುಕೊಂಡಿದ್ದೆವು. ಬೆಳಕಿಗೋಸ್ಕರ ಅಂತ ಗೊತ್ತಾಗಿದ್ದು ನಾನೇ ಸೊಪ್ಪು ಬಿಡಿಸಲು ಕೂತ ದಿನ.

ಕ್ಯಾಬಿನೆಟ್ಟಿನ ಅಡಿಗೆ ಒಂದು ಎಲ್‌ಇಡಿ ಪಟ್ಟಿ ಹಾಕಿದರೆ ಈ ತೊಂದರೆ ತೀರುತ್ತದೆ. ಕೆಲಸ ದೊಡ್ಡದಲ್ಲ. ಆದರೆ ಅಡುಗೆಮನೆ ಅಂದರೆ ನೀರು, ಎಣ್ಣೆಯ ಹೊಗೆ, ಗ್ಯಾಸ್, ಒದ್ದೆ ಕೈ, ಬರಿಗಾಲು ಎಲ್ಲ ಒಂದೇ ಕಡೆ ಸೇರಿರುವ ಜಾಗ. ಅಲ್ಲಿ ಕರೆಂಟಿನ ತಂಟೆಗೆ ಹೋಗುವವರು ಒಂದು ಗಡಿಯನ್ನು ತಲೆಯಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು.

ಡ್ರೈವರ್ ಅನ್ನುವ ಗಡಿ

ಎಲ್‌ಇಡಿ ಪಟ್ಟಿಗೆ ಬೇಕಾದದ್ದು 12 ಅಥವಾ 24 ವೋಲ್ಟ್ ಡಿಸಿ. ಗೋಡೆಯಲ್ಲಿ ಬರುವುದು 230 ವೋಲ್ಟ್ ಎಸಿ. ನಡುವೆ ಕೂತು ಒಂದನ್ನು ಇನ್ನೊಂದಾಗಿ ಬದಲಿಸುವ ಡಬ್ಬಿಯೇ ಡ್ರೈವರ್. ಅಂಗಡಿಯವರು ಇದನ್ನು ಎಸ್‌ಎಂಪಿಎಸ್ ಅಂತಲೋ ಅಡಾಪ್ಟರ್ ಅಂತಲೋ ಕರೆಯುತ್ತಾರೆ. ಒಳ್ಳೆಯ ಡ್ರೈವರಿನಲ್ಲಿ ಎರಡು ಕಡೆಗೂ ನೇರ ಸಂಪರ್ಕ ಇರುವುದಿಲ್ಲ, ಒಳಗಿನ ಟ್ರಾನ್ಸ್‌ಫಾರ್ಮರ್ ಅವೆರಡನ್ನೂ ಬೇರೆ ಮಾಡಿಟ್ಟಿರುತ್ತದೆ. ಆ ಕಡೆಯ 230 ವೋಲ್ಟ್ ಜೀವ ತೆಗೆಯಬಲ್ಲದು. ಈ ಕಡೆಯ 12 ವೋಲ್ಟ್ ಕೈಗೆ ತಾಗಿದರೂ ಗೊತ್ತಾಗುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಡ್ರೈವರಿನಿಂದ ಈಚೆಗಿನ ಕೆಲಸ ನಿಮ್ಮದು: ಪಟ್ಟಿ ಕತ್ತರಿಸುವುದು, ಬೆಸುಗೆ ಹಾಕುವುದು, ಅಂಟಿಸುವುದು, ಬೆಳಕು ಹೆಚ್ಚುಕಮ್ಮಿ ಮಾಡುವ ಡಿಮ್ಮರ್ ಕೂರಿಸುವುದು. ಆಚೆಗಿನದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿನದು. ಇದು ಬರೀ ನನ್ನ ಅಂಜುಬುರುಕುತನ ಅಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಕೆಲಸ ಬಿಟ್ಟು ವೈರಿಂಗಿಗೆ ಹೊಸದಾಗಿ ಸೇರಿಸುವ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರೇ ಮಾಡಬೇಕು. ನಮ್ಮ ರಾಜ್ಯದಲ್ಲಿ ಆ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಆಚೆ ಕಡೆಯ ಕೆಲಸವನ್ನೂ ಇಲ್ಲಿ ವಿವರವಾಗಿಯೇ ಬರೆದಿದ್ದೇನೆ. ಬಂದವರು ಸರಿಯಾಗಿ ಮಾಡುತ್ತಿದ್ದಾರಾ ಅಂತ ಪಕ್ಕದಲ್ಲಿ ನಿಂತು ನೋಡಲು ನಿಮಗೆ ಅದು ಗೊತ್ತಿರಬೇಕು.

ಗಡಿಯ ಬೆಲೆ ನನಗೆ ಅರ್ಥವಾಗಿದ್ದು ಗೌರಿ ಹಬ್ಬದ ದಿನ. ಮೊದಲ ಸಲ ಪಟ್ಟಿಯನ್ನು ಅದರ ಹಿಂದಿನ ಗಮ್ಮನ್ನೇ ನಂಬಿ ಲ್ಯಾಮಿನೇಟಿಗೆ ನೇರವಾಗಿ ಅಂಟಿಸಿದ್ದೆ. ಮೂರು ತಿಂಗಳು ಒಗ್ಗರಣೆಯ ಜಿಡ್ಡು ಕುಡಿದ ಮೇಲೆ, ಒಬ್ಬಟ್ಟು ತಟ್ಟುವ ಹೊತ್ತಿಗೆ, ಅದು ಉರಿಯುತ್ತಲೇ ಜೋತುಬಿದ್ದು ಹೂರಣದ ಬಟ್ಟಲಿಗೆ ಇಳಿಯಿತು. ಮನೆಯವರೆಲ್ಲ ನಕ್ಕರು. 12 ವೋಲ್ಟ್ ಆಗಿದ್ದರಿಂದ ನಗುವ ಹಾಗಿತ್ತು.

ಕೊಳ್ಳಬಾರದ ಒಂದು ವಸ್ತು

ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ, ಎಸ್‌.ಪಿ. ರೋಡಿಗೆ ಹೋಗಿ, ಊರಿನ ಯಾವುದೇ ಲೈಟಿನ ಅಂಗಡಿಗೆ ಹೋಗಿ, ‘ಸ್ಟ್ರಿಪ್ ಲೈಟ್ ಕೊಡಿ’ ಅಂದರೆ ಎರಡು ಥರದ್ದು ಮುಂದಿಡುತ್ತಾರೆ. ಒಂದು, ತೆಳ್ಳಗಿನ 12 ವೋಲ್ಟಿನ ಸುರುಳಿ. ಇನ್ನೊಂದು, ಹಬ್ಬಕ್ಕೆ, ಫಾಲ್ಸ್ ಸೀಲಿಂಗಿಗೆ ಹಾಕುವ ದಪ್ಪ ರೋಪ್ ಲೈಟು. ಈ ಎರಡನೆಯದಕ್ಕೆ ಡ್ರೈವರ್ ಬೇಡ, ಹೆಬ್ಬೆರಳಿನಷ್ಟು ದಪ್ಪದ ಒಂದು ಪ್ಲಗ್ಗು ಸಾಕು, ಅಗ್ಗ ಬೇರೆ. ‘ಇದೇ ತಗೊಳ್ಳಿ ಸಾರ್, ತಲೆನೋವಿಲ್ಲ’ ಅನ್ನುತ್ತಾರೆ.

ತೆಗೆದುಕೊಳ್ಳಬೇಡಿ. ಆ ಪ್ಲಗ್ಗಿನಲ್ಲಿರುವುದು ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್ ಅಷ್ಟೇ, ವೋಲ್ಟೇಜು ಇಳಿಯುವುದಿಲ್ಲ. 230 ವೋಲ್ಟ್ ಎಸಿಯ ತುದಿ ಸುಮಾರು 325 ವೋಲ್ಟ್ ಮುಟ್ಟುತ್ತದೆ, ಅಷ್ಟೂ ಆ ಪ್ಲಾಸ್ಟಿಕ್ ಸಿಪ್ಪೆಯ ಒಳಗೆ ಓಡುತ್ತಿರುತ್ತದೆ. ಚಾವಣಿಯಲ್ಲಿ ಕೈಗೆ ಸಿಗದೆ ಇದ್ದರೆ ಹೇಗೋ ನಡೆಯಿತು. ಕಟ್ಟೆಯ ಮೇಲೆ, ಕುಕ್ಕರಿನ ಹಬೆ ತಾಗುವಲ್ಲಿ, ಕತ್ತರಿಸಿದ ತುದಿಯ ಮುಚ್ಚಳ ಸಡಿಲಾದರೆ, ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದ ಕೈಗೆ ಅದು ಸಿಗುತ್ತದೆ.

ಅಳೆಯಿರಿ, ಆಮೇಲೆ ಲೆಕ್ಕ ಹಾಕಿ

ಉದಾಹರಣೆಗೆ ಎಲ್ ಆಕಾರದ ಒಂದು ಸಾಧಾರಣ ಅಡುಗೆಮನೆ. ಕ್ಯಾಬಿನೆಟ್ಟಿನ ಅಡಿ ಒಂದು ಗೋಡೆಗೆ 1.8 ಮೀಟರ್, ಇನ್ನೊಂದಕ್ಕೆ 1.2 ಮೀಟರ್. ಒಟ್ಟು 3 ಮೀಟರ್. ಒಲೆ ಮತ್ತು ಚಿಮಣಿಯ ಜಾಗವನ್ನು ಇದರಲ್ಲಿ ಸೇರಿಸಿಲ್ಲ, ನೀವೂ ಸೇರಿಸಬೇಡಿ. ಅಲ್ಲಿ ಚಿಮಣಿಯದೇ ಲೈಟಿರುತ್ತದೆ, ಕಾವೂ ಜಿಡ್ಡೂ ಪಟ್ಟಿಯನ್ನು ಬಾಳಗೊಡುವುದಿಲ್ಲ.

ಮೀಟರಿಗೆ 120 ಎಲ್‌ಇಡಿ ಇರುವ, ಸುಮಾರು 9.6 ವ್ಯಾಟಿನ ಪಟ್ಟಿ ಕಟ್ಟೆಗೆ ಧಾರಾಳ. 3 ಮೀಟರಿಗೆ 28.8 ವ್ಯಾಟ್. ಡ್ರೈವರನ್ನು ಯಾವತ್ತೂ ಪೂರ್ತಿ ಸಾಮರ್ಥ್ಯದಲ್ಲಿ ಓಡಿಸಬಾರದು, ಶೇಕಡಾ 80ರ ಒಳಗಿರಲಿ. 28.8ನ್ನು 0.8ರಿಂದ ಭಾಗಿಸಿದರೆ 36. ಅಂದರೆ 12 ವೋಲ್ಟ್, 3 ಆಂಪ್ ಅಂತ ಬರೆದಿರುವ 36 ವ್ಯಾಟಿನ ಡ್ರೈವರ್ ಸರಿಹೋಗುತ್ತದೆ. ‘ಇರಲಿ, ಮುಂದೆ ಬೇಕಾದೀತು’ ಅಂತ 20 ಆಂಪಿನ ದೊಡ್ಡ ಡಬ್ಬಿ ತರಬೇಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ತೆಳ್ಳನೆಯ ವೈರು ಶಾರ್ಟ್ ಆದಾಗ 20 ಆಂಪ್ ಸುರಿದರೆ ಆ ವೈರು ಕೆಂಪಗೆ ಕಾಯುತ್ತದೆ. ಸಣ್ಣ ಡ್ರೈವರ್ ಆದರೆ ತಾನೇ ಕೈಚೆಲ್ಲಿ ಕೂರುತ್ತದೆ.

12 ವೋಲ್ಟೋ, 24 ವೋಲ್ಟೋ? ಇದೇ 28.8 ವ್ಯಾಟಿಗೆ 12 ವೋಲ್ಟಿನಲ್ಲಿ 2.4 ಆಂಪ್ ಹರಿಯಬೇಕು. ಡ್ರೈವರಿನಿಂದ ಪಟ್ಟಿಗೆ 4 ಮೀಟರ್ ದೂರ ಇದ್ದು ನೀವು 0.5 ಚದರ ಮಿ.ಮೀ. ವೈರು ಎಳೆದರೆ ದಾರಿಯಲ್ಲೇ ಮುಕ್ಕಾಲು ವೋಲ್ಟ್ ಕರಗಿಹೋಗುತ್ತದೆ, ಶೇಕಡಾ 6ರಷ್ಟು. ಬೆಳಕು ಮಂಕಾಗಲು ಅಷ್ಟು ಸಾಕು. 1 ಚದರ ಮಿ.ಮೀ. ವೈರು, ಅಂಗಡಿಯ ಭಾಷೆಯಲ್ಲಿ ‘ಒನ್ ಎಂಎಂ’, ಎಳೆದರೆ ನಷ್ಟ ಅರ್ಧಕ್ಕಿಳಿಯುತ್ತದೆ. 24 ವೋಲ್ಟಿನ ಪಟ್ಟಿಯಾದರೆ ಕರೆಂಟೇ ಅರ್ಧ, ಅದೇ ತೆಳ್ಳನೆಯ ವೈರಿನಲ್ಲೂ ನಷ್ಟ ಶೇಕಡಾ 2ಕ್ಕಿಂತ ಕಮ್ಮಿ. ಸಣ್ಣ ಅಡುಗೆಮನೆಗೆ 12 ಸಾಕು, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಟ್ಟು ಉದ್ದ 5 ಮೀಟರ್ ದಾಟಿದರೆ 24ಕ್ಕೆ ಹೋಗಿ.

ಬಣ್ಣದ ವಿಷಯಕ್ಕೆ ಅಂಗಡಿಯವರ ಮಾತು ಕೇಳಬೇಡಿ. ಅವರು 6500 ಕೆಲ್ವಿನ್ನಿನ ಹಾಲುಬಿಳುಪನ್ನೇ ಹೊಗಳುತ್ತಾರೆ. ಆ ನೀಲಿ ಬಿಳುಪಿನಲ್ಲಿ ಹುಳಿಯ ಬಣ್ಣ ಸತ್ತಂತೆ ಕಾಣುತ್ತದೆ. 3000 ಅರಿಶಿನ ಛಾಯೆಯದು, ಊಟದ ಮೇಜಿಗೆ ಚೆಂದ. ಕಟ್ಟೆಗೆ 4000 ಸರಿ. ಇದಕ್ಕಿಂತ ಮುಖ್ಯ ಸಿಆರ್‌ಐ ಅನ್ನುವ ಅಂಕಿ, ಬೆಳಕಿನಲ್ಲಿ ವಸ್ತುವಿನ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ. 90ರ ಮೇಲಿರಲಿ. ದಂಟಿನ ಸೊಪ್ಪಿನಲ್ಲಿ ಎಲೆ ಹಳದಿಯಾಗಿದೆಯೋ, ಮೆಣಸಿನಕಾಯಿ ಕಪ್ಪಗಾಗುವ ಮೊದಲು ಕೆಂಪೇರಿತೋ ಅಂತ ಗೊತ್ತಾಗುವುದು ಆಗಲೇ.

ಡ್ರೈವರ್ ಕೊಳ್ಳುವಾಗ ತಿರುಗಿಸಿ ನೋಡಿ: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಜಾಲರಿಯಂಥ ತೂತುಗಳಿರುವ, ಸ್ಕ್ರೂಗಳು ತೆರೆದೇ ಇರುವ ತಗಡಿನ ಡಬ್ಬಿ ಅಡುಗೆಮನೆಗೆ ಬೇಡ. ಹಲ್ಲಿ, ಇರುವೆ, ಜಿರಳೆಗೆ ಬೆಚ್ಚಗಿನ ಮನೆ ಅದು. ಫೇಸ್‌ಗೂ ನ್ಯೂಟ್ರಲ್‌ಗೂ (ಕರೆಂಟ್ ತರುವ ವೈರಿಗೂ ವಾಪಸ್ ಒಯ್ಯುವ ವೈರಿಗೂ) ನಡುವೆ ಹಲ್ಲಿ ಬಿದ್ದು ಹೊಗೆಯಾಡಿದ ಡ್ರೈವರನ್ನು ನಾನೇ ಬಿಚ್ಚಿದ್ದೇನೆ. ಪೂರ್ತಿ ಮುಚ್ಚಿದ ಪ್ಲಾಸ್ಟಿಕ್ ಕವಚದ್ದೋ, ಒಳಗೆಲ್ಲ ರಾಳ ತುಂಬಿದ ಐಪಿ67 ಅಲ್ಯೂಮಿನಿಯಂ ಕಡ್ಡಿಯಂಥದ್ದೋ ತನ್ನಿ. ಐಪಿ ಅಂದರೆ ಧೂಳು, ನೀರು ಒಳಗೆ ಹೋಗದ ಹಾಗೆ ಎಷ್ಟು ತಡೆಯುತ್ತದೆ ಅನ್ನುವ ಅಂಕಿ. ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಅರ್ಥಿಂಗ್ ಬೇಡ. ಇಲ್ಲದಿದ್ದರೆ ಹಸಿರು ವೈರು ಕಡ್ಡಾಯ.

ಪಟ್ಟಿ ಎಲ್ಲಿ, ಡ್ರೈವರ್ ಎಲ್ಲಿ

ಹೆಚ್ಚಿನವರು ಪಟ್ಟಿಯನ್ನು ಗೋಡೆಗೆ ತಾಗಿಸಿ ಹಾಕಿಸುತ್ತಾರೆ. ಟೈಲ್ಸು ಮಿರಿಮಿರಿ ಮಿಂಚುತ್ತದೆ, ಹೆಚ್ಚುವ ಮಣೆ ಕತ್ತಲಲ್ಲೇ ಇರುತ್ತದೆ. ಮೇಲಿನ ಕ್ಯಾಬಿನೆಟ್ಟಿನ ಆಳ ಸುಮಾರು ಒಂದು ಅಡಿ, ಕಟ್ಟೆಯ ಆಳ ಎರಡು ಅಡಿ. ನಾವು ಹೆಚ್ಚುವುದು ಕಟ್ಟೆಯ ಮುಂದಿನ ಒಂದು ಅಡಿ ಜಾಗದಲ್ಲಿ. ಹಾಗಾಗಿ ಪಟ್ಟಿ ಕ್ಯಾಬಿನೆಟ್ಟಿನ ಮುಂದಿನ ಅಂಚಿಗೆ, ಬಾಗಿಲಿನ ಹಿಂದೆಯೇ ಬರಬೇಕು. ಅಂಚಿನಲ್ಲಿ ಒಂದೂವರೆ ಇಂಚಿನ ಮರೆಪಟ್ಟಿ ಇದ್ದರೆ ಕಣ್ಣಿಗೂ ಹೊಡೆಯುವುದಿಲ್ಲ.

ಇನ್ನೊಂದು ನಮ್ಮ ಮನೆಗಳದ್ದೇ ಸಮಸ್ಯೆ: ಕಪ್ಪು ಗ್ರಾನೈಟ್. ಪಾಲಿಶ್ ಮಾಡಿದ ಕರಿಕಲ್ಲು ಕನ್ನಡಿಯ ಹಾಗೆ. ಬರೀ ಪಟ್ಟಿ ಹಾಕಿದರೆ ಒಂದೊಂದು ಎಲ್‌ಇಡಿಯೂ ಚುಕ್ಕಿ ಚುಕ್ಕಿಯಾಗಿ ಕೆಳಗಿನಿಂದ ಕಣ್ಣಿಗೆ ಚುಚ್ಚುತ್ತದೆ. ಇದಕ್ಕೆ ಹಾಲುಬಣ್ಣದ ಮುಚ್ಚಳ ಇರುವ ಅಲ್ಯೂಮಿನಿಯಂ ಪ್ರೊಫೈಲ್ (ಪಟ್ಟಿ ಒಳಗೆ ಕೂರುವ ಉದ್ದನೆಯ ಚಾನಲ್) ಬೇಕೇ ಬೇಕು. ಅದು ಕಾವನ್ನೂ ಎಳೆದುಕೊಳ್ಳುತ್ತದೆ, ಜಿಡ್ಡನ್ನೂ ತಡೆಯುತ್ತದೆ, ಹೂರಣಕ್ಕೂ ಬೀಳುವುದಿಲ್ಲ. ಸಿಂಕಿನ ಮೇಲಿನ ತುಂಡಿಗೆ ಸಿಲಿಕೋನ್ ಲೇಪದ ಐಪಿ65 ಪಟ್ಟಿ ಹಾಕಿ, ಉಳಿದ ಕಡೆ ಪ್ರೊಫೈಲಿನೊಳಗೆ ಸಾಧಾರಣ ಐಪಿ20 ನಡೆಯುತ್ತದೆ.

ಡ್ರೈವರ್ ಕೂರಬೇಕಾದ್ದು ಎತ್ತರದಲ್ಲಿ, ಕ್ಯಾಬಿನೆಟ್ಟಿನ ತಲೆಯ ಮೇಲೆ, ಸ್ಟೂಲ್ ಹತ್ತಿದರೆ ಕೈಗೆ ಸಿಗುವ ಹಾಗೆ. ಸುತ್ತ ನಾಲ್ಕು ಬೆರಳು ಗಾಳಿ ಆಡಲಿ. ಫಾಲ್ಸ್ ಸೀಲಿಂಗಿನೊಳಗೆ ಹೂತುಹಾಕಿದರೆ ಮುಂದೆ ಕೆಟ್ಟಾಗ ಜಿಪ್ಸಮ್ ಒಡೆಯಬೇಕಾಗುತ್ತದೆ. ಸಿಂಕಿನ ಕೆಳಗೆ ಬೇಡ. ಸಿಲಿಂಡರ್ ಇರುವ ಕೆಳಗಿನ ಕ್ಯಾಬಿನೆಟ್ಟಿನಲ್ಲಂತೂ ಡ್ರೈವರ್ರೂ ಬೇಡ, ಸ್ವಿಚ್ಚೂ ಬೇಡ, ಬಾಗಿಲು ತೆರೆದರೆ ಹತ್ತುವ ಸೆನ್ಸರೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸ್ವಿಚ್ಚಿನ ಒಂದು ಕಿಡಿ ಸಾಕು. ಗ್ಯಾಸ್ ವಾಸನೆ ಬಂದಾಗ ಈ ಲೈಟನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕರೆಂಟ್ ಎಲ್ಲಿಂದ

ಸುಲಭದ ದಾರಿ: ಕ್ಯಾಬಿನೆಟ್ಟಿನ ಮೇಲೆಯೋ ಪಕ್ಕದಲ್ಲೋ 6 ಆಂಪಿನ ಸಾಕೆಟ್ ಒಂದು ಖಾಲಿ ಇದ್ದರೆ, ಪ್ಲಗ್ ಸಮೇತ ಬರುವ ಡ್ರೈವರ್ ತಂದು ಸಿಕ್ಕಿಸಿ. ಆಚೆಗಿನ ಕೆಲಸವೇ ಇಲ್ಲ. ಬಾಡಿಗೆ ಮನೆಯವರಿಗೆ ನಾನು ಹೇಳುವುದು ಇದೊಂದೇ, ಮನೆ ಬಿಡುವಾಗ ಬಿಚ್ಚಿಕೊಂಡೂ ಹೋಗಬಹುದು. ಮಿಕ್ಸಿಯ ಸಾಕೆಟ್ಟಿಗೆ ಮಲ್ಟಿಪ್ಲಗ್ ಹಾಕಿ ಅದರಲ್ಲಿ ತೂರಿಸುವುದು ಮಾತ್ರ ಬೇಡ.

ಇನ್ನೊಂದು ದಾರಿ, ಹೊಸ ಪಾಯಿಂಟ್. ಎಲೆಕ್ಟ್ರಿಷಿಯನ್ ಲೈಟಿನ ಸರ್ಕ್ಯೂಟಿನಿಂದ ಎಳೆಯಬೇಕು, 6 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಇರುವ ಲೈನಿನಿಂದ. ಓವನ್ನಿನದೋ ಗೀಸರಿನದೋ 16 ಆಂಪ್ ಪಾಯಿಂಟ್ ಹತ್ತಿರದಲ್ಲಿದೆ ಅಂತ ಅಲ್ಲಿಂದ ‘ಲೂಪ್’ ಹೊಡೆಯಲು ಬಿಡಬೇಡಿ. ಎಂಸಿಬಿ ಕಾಯುವುದು ವೈರನ್ನು. ದೊಡ್ಡ ಎಂಸಿಬಿಯ ಹಿಂದೆ ಸಣ್ಣ ವೈರು ಬಂದರೆ ವೈರು ಸುಟ್ಟರೂ ಅದು ಬೀಳುವುದಿಲ್ಲ.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು), 30 ಮಿಲಿಆಂಪಿನದು. ನಿಮ್ಮ ಡಿಬಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆ, ತೆರೆದು ‘ಟಿ’ ಅಂತ ಬರೆದ ಸಣ್ಣ ಗುಂಡಿ ಇದೆಯೇ ನೋಡಿ. ಇದ್ದರೆ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅದು ಗೋಡೆಯ ಅಲಂಕಾರ ಅಷ್ಟೇ, ಬದಲಿಸಿ. ಆರ್‌ಸಿಸಿಬಿಯೇ ಇಲ್ಲದ ಹಳೇ ಮನೆಯಾದರೆ ಲೈಟಿಗಿಂತ ಮೊದಲು ಅದನ್ನು ಹಾಕಿಸಿ.

ಆಫ್ ಅಂದರೆ ನಿಜಕ್ಕೂ ಆಫ್ ಆಗಿದೆಯೇ

ಈ ಭಾಗವನ್ನು ನಿಧಾನವಾಗಿ ಓದಿ. ‘ಮೇನ್ ಆಫ್ ಮಾಡಿದ್ದೇನೆ’ ಅನ್ನುವ ಮಾತು ನಮ್ಮ ಮನೆಗಳಲ್ಲಿ ಅರ್ಧ ಸತ್ಯ. ಮನೆಯಲ್ಲಿ ಯುಪಿಎಸ್ ಇದ್ದರೆ, ಮೇನ್ ಬಿದ್ದ ಕೂಡಲೇ ಅದು ‘ಕರೆಂಟ್ ಹೋಯ್ತು’ ಅಂದುಕೊಂಡು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಅದರ ಕೆಲಸವೇ ಅದು. ಯುಪಿಎಸ್ಸಿಗೆ ಕೊಟ್ಟಿರುವುದಾದರೂ ಏನು? ಲೈಟು, ಫ್ಯಾನು. ಅಂದರೆ ಎಲೆಕ್ಟ್ರಿಷಿಯನ್ ಈಗ ಕೈ ಹಾಕಲಿರುವ ಅದೇ ಲೈನು.

ನನಗೇ ಆಗಿದೆ. ಮೇನ್ ಇಳಿಸಿ, ಅಡುಗೆಮನೆಯ ಬೋರ್ಡು ಬಿಚ್ಚಿ, ವೈರು ಹಿಡಿಯುವ ಮುಂಚೆ ಅಭ್ಯಾಸಬಲದಿಂದ ಮಲ್ಟಿಮೀಟರ್ ಇಟ್ಟೆ. 228. ಒಂದು ಕ್ಷಣ ಮೀಟರೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಕೋಣೆಯ ಮೂಲೆಯಿಂದ ಯುಪಿಎಸ್ ಗುಂಯ್ ಅನ್ನುವುದು ಕೇಳಿಸಿತು. ಅವತ್ತಿನಿಂದ ಬೋರ್ಡು ಬಿಚ್ಚುವ ಮೊದಲು ಕಿವಿಗೊಟ್ಟು ಕೇಳುತ್ತೇನೆ.

ಹಾಗಾಗಿ ಈ ಕ್ರಮ. ಮೊದಲು ಯುಪಿಎಸ್‌ನ ಮುಂದಿನ ಗುಂಡಿ ಆರಿಸಿ, ಅದರ ಬೈಪಾಸ್ ಸ್ವಿಚ್ ಇದ್ದರೆ ಅದನ್ನೂ ನೋಡಿಕೊಳ್ಳಿ. ಆಮೇಲೆ ಮೇನ್ ಇಳಿಸಿ. ಡಿಬಿಯ ಬಾಗಿಲಿಗೆ ‘ಕೆಲಸ ನಡೆಯುತ್ತಿದೆ, ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿ, ಮನೆಯವರಿಗೆಲ್ಲ ಬಾಯಲ್ಲೂ ಹೇಳಿ. ಕರೆಂಟ್ ಹೋಗಿರುವ ಹೊತ್ತು ನೋಡಿ ‘ಈಗಲೇ ಮುಗಿಸಿಬಿಡೋಣ’ ಅನ್ನುವುದು ಎಲ್ಲಕ್ಕಿಂತ ಅಪಾಯ. ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಯಾವ ಕ್ಷಣದಲ್ಲಾದರೂ ಶುರುವಾಗಿ ಕರೆಂಟ್ ಕೊಟ್ಟುಬಿಡುತ್ತದೆ.

ಆಮೇಲೆ ಪರೀಕ್ಷೆ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಮೇನ್ ಇಳಿಸುವ ಮೊದಲೇ ಒಂದು ಸಾಕೆಟ್ಟಿನಲ್ಲಿ 230ರ ಆಸುಪಾಸು ತೋರಿಸುವುದನ್ನು ಖಚಿತ ಮಾಡಿಕೊಳ್ಳಿ. ಆಫ್ ಮಾಡಿದ ಮೇಲೆ ಕೆಲಸದ ಜಾಗದಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ನೋಡಿ. ಮೂರೂ ಸೊನ್ನೆ ಇರಬೇಕು. ಕೆಲಸ ಮುಗಿಸಿ ಕರೆಂಟ್ ಕೊಟ್ಟ ಮೇಲೆ ಮೀಟರ್ ಮತ್ತೆ 230 ತೋರಿಸುತ್ತದಾ ನೋಡಿದರೆ ನಡುವೆ ಮೀಟರ್ ಸುಳ್ಳು ಹೇಳಿಲ್ಲ ಅಂತ ಆಯಿತು. ಜೇಬಿನ ನಿಯಾನ್ ಟೆಸ್ಟರ್ ಇದಕ್ಕೆ ಸಾಲದು. ಹತ್ತಿರದ ಇನ್ನೊಂದು ವೈರಿನ ಪ್ರಭಾವಕ್ಕೂ ಅದು ಮಿಣುಕುತ್ತದೆ, ನೀವು ರಬ್ಬರ್ ಚಪ್ಪಲಿ ಹಾಕಿ ಒಣ ಮರದ ಸ್ಟೂಲ್ ಮೇಲೆ ನಿಂತಿದ್ದರೆ ಕರೆಂಟ್ ಇದ್ದರೂ ಸರಿಯಾಗಿ ಹತ್ತದೇ ಇರಬಹುದು.

ಕರೆಂಟ್ ಇರುವಾಗ ಇನ್ನೊಂದು ಪರೀಕ್ಷೆ: ಸಾಕೆಟ್ಟಿನ ಫೇಸ್-ಅರ್ಥ್ ನಡುವೆಯೂ ಹೆಚ್ಚು ಕಮ್ಮಿ 230 ಬರಬೇಕು. ಅಲ್ಲಿ ಅರವತ್ತೋ ತೊಂಬತ್ತೋ ಓಲಾಡುತ್ತಿದ್ದರೆ ಆ ಮೂರನೇ ಪಿನ್ನಿಗೆ ಅರ್ಥಿಂಗೇ ಬಂದಿಲ್ಲ. ಹಳೇ ಮನೆಗಳಲ್ಲಿ ಇದು ಅಪರೂಪವಲ್ಲ.

ಆಚೆ ಕಡೆಯ ಕೆಲಸ: ಪಕ್ಕದಲ್ಲಿ ನಿಂತು ನೋಡಬೇಕಾದ್ದು

ನಮ್ಮಲ್ಲಿ ರೂಢಿಯ ಬಣ್ಣ: ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ಥಿಗೆ. ರೂಢಿ ಅಷ್ಟೇ, ನಂಬಬೇಡಿ. ಕೆಂಪು ಸುರುಳಿ ಮುಗಿದಾಗ ಕೈಗೆ ಸಿಕ್ಕ ಬಣ್ಣ ಎಳೆದ ಪುಣ್ಯಾತ್ಮರು ಎಲ್ಲ ಊರಲ್ಲೂ ಇದ್ದಾರೆ. ಹೊಸದಾಗಿ ಎಳೆಯುವ ವೈರು ತಾಮ್ರದ್ದು, ಐಎಸ್ 694 ಗುರುತಿನದ್ದು, 1 ಅಥವಾ 1.5 ಚದರ ಮಿ.ಮೀ. ಇರಲಿ. ಬೆಂಕಿಗೆ ಬೇಗ ಹತ್ತದ ಎಫ್‌ಆರ್‌ಎಲ್‌ಎಸ್ ಸಿಪ್ಪೆಯದಾದರೆ ಇನ್ನೂ ಒಳ್ಳೆಯದು.

ಫೇಸ್ ಮತ್ತು ನ್ಯೂಟ್ರಲ್ ಒಂದೇ ಸರ್ಕ್ಯೂಟಿನಿಂದ ಬರಬೇಕು. ಫೇಸ್ ಈ ಬೋರ್ಡಿನದು, ನ್ಯೂಟ್ರಲ್ ಸಿಕ್ಕಿದ್ದು ಆ ಬೋರ್ಡಿನದು ಅಂತ ಜೋಡಿಸಿದರೂ ಲೈಟೇನೋ ಹತ್ತೀತು. ಆದರೆ ಆರ್‌ಸಿಸಿಬಿ ಮಾಡುವುದು ಒಂದೇ ಲೆಕ್ಕ: ಹೋದಷ್ಟು ಕರೆಂಟ್ ವಾಪಸ್ ಬಂತೇ? 36 ವ್ಯಾಟಿನ ಡ್ರೈವರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 150 ಮಿಲಿಆಂಪ್. ಅಷ್ಟೂ ಬೇರೆ ದಾರಿಯಲ್ಲಿ ವಾಪಸ್ಸಾದರೆ 30 ಮಿಲಿಆಂಪಿನ ಆರ್‌ಸಿಸಿಬಿ ತಕ್ಷಣ ಬೀಳುತ್ತದೆ. ಆಗ ಕೆಲವರು ‘ಆರ್‌ಸಿಸಿಬಿ ಕೆಟ್ಟಿದೆ’ ಅಂತ ಅದನ್ನೇ ಬೈಪಾಸ್ ಮಾಡಿ ದುಡ್ಡು ಈಸಿಕೊಂಡು ಹೋಗುತ್ತಾರೆ. ಬಿಡಬೇಡಿ. ಯುಪಿಎಸ್ ಲೈನಿನ ಫೇಸ್‌ಗೆ ಬೇರೆ ಲೈನಿನ ನ್ಯೂಟ್ರಲ್ ಸೇರಿಸಿದರೂ ಇಂಥದ್ದೇ ತಂಟೆ.

ಸ್ವಿಚ್ಚು ಫೇಸ್ ವೈರಿನಲ್ಲಿರಬೇಕು, ನ್ಯೂಟ್ರಲ್‌ನಲ್ಲಲ್ಲ. ಇಲ್ಲದಿದ್ದರೆ ಲೈಟು ಆರಿದ್ದರೂ ಡ್ರೈವರ್ ತನಕ ಫೇಸ್ ಕಾಯುತ್ತಿರುತ್ತದೆ. ಫ್ಯಾನಿನ ರೆಗ್ಯುಲೇಟರಿಗೆ ಡ್ರೈವರ್ ಕೊಟ್ಟು ಬೆಳಕು ಹೆಚ್ಚುಕಮ್ಮಿ ಮಾಡಬಹುದು ಅನ್ನುವ ಉಪಾಯ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ, ಡ್ರೈವರ್ ಸುಡುತ್ತದೆ.

ವೈರು ತಿರುಚಿ ಟೇಪ್ ಸುತ್ತುವ ಜಾಯಿಂಟ್ ಅಡುಗೆಮನೆಯಲ್ಲಿ ಬೇಡವೇ ಬೇಡ. ಕಾವಿಗೆ ಟೇಪಿನ ಗಮ್ಮು ಕರಗಿ ಕಪ್ಪು ಬೆಲ್ಲದ ಪಾಕದಂತಾಗುತ್ತದೆ, ಸುತ್ತು ಬಿಚ್ಚಿಕೊಳ್ಳುತ್ತದೆ. ಲಿವರ್ ಕನೆಕ್ಟರೋ ಸ್ಕ್ರೂ ಕನೆಕ್ಟರೋ ಹಾಕಿ, ಮುಚ್ಚಳ ಇರುವ ಜಂಕ್ಷನ್ ಡಬ್ಬಿಯೊಳಗೆ ಇಡಬೇಕು. ಗೋಡೆಯ ಮೇಲೆ ಹೋಗುವ ವೈರು ಕೇಸಿಂಗ್ ಪಟ್ಟಿಯೊಳಗೆ, ಪ್ಲೈವುಡ್ ತೂರುವಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಒಳಗೆ. ಗೋಡೆಗೆ ಡ್ರಿಲ್ ಇಡುವ ಮುನ್ನ ಕಣ್ಣಾಡಿಸಿ: ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ವೈರಿನ ಪೈಪ್ ಇರುವ ಸಂಭವ ಹೆಚ್ಚು.

ಈಚೆ ಕಡೆ: ನಿಮ್ಮ ಕೆಲಸ

ಸುರುಳಿಯನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹಾಸಿ, ಡ್ರೈವರಿಗೆ ಕೊಟ್ಟು ಹತ್ತು ನಿಮಿಷ ಉರಿಸಿ. ಸುತ್ತಿದ ಹಾಗೇ ಉರಿಸಬೇಡಿ, ಒಳಸುತ್ತು ಬೇಯುತ್ತದೆ. ಎಲ್ಲೂ ಮಿಣುಕದಿದ್ದರೆ ಡ್ರೈವರ್ ಕಳಚಿ, ಕತ್ತರಿಸಿ. ಕತ್ತರಿ ಹಾಕುವುದು ಗುರುತಿರುವಲ್ಲಿ ಮಾತ್ರ. ಈ ಥರದ 12 ವೋಲ್ಟಿನ ಪಟ್ಟಿಯಲ್ಲಿ ಮೂರು ಎಲ್‌ಇಡಿಗೆ ಒಂದು ಗುರುತು, ಅಂದರೆ ಎರಡೂವರೆ ಸೆಂಟಿಮೀಟರಿಗೊಂದು. 24ರಲ್ಲಿ ಇದು ಸಾಮಾನ್ಯವಾಗಿ ಎರಡರಷ್ಟು.

ಬೆಸುಗೆ ಹಾಕುವುದು ಹೀಗೆ. 25 ವ್ಯಾಟಿನ ಐರನ್ ಚೆನ್ನಾಗಿ ಕಾಯಲಿ. ಪಟ್ಟಿಯ ತಾಮ್ರದ ಚುಕ್ಕೆಯನ್ನು ಹಳೇ ರಬ್ಬರಿನಿಂದ ಉಜ್ಜಿ. ಐರನ್ ತುದಿ ಇಟ್ಟು ಎರಡು ಎಣಿಸುವಷ್ಟರಲ್ಲಿ ಸೀಸ ಮುಟ್ಟಿಸಿ ತೆಗೆಯಿರಿ, ಮಂಜಿನ ಹನಿಯಂಥ ಹೊಳೆಯುವ ಗುಬ್ಬಿ ನಿಲ್ಲಬೇಕು. ವೈರಿನ ಎಳೆಗಳನ್ನು ತಿರುಚಿ ಅದಕ್ಕೂ ಸೀಸ ಕುಡಿಸಿ. ಆಮೇಲೆ ವೈರನ್ನು ಗುಬ್ಬಿಯ ಮೇಲಿಟ್ಟು ಐರನ್ ತಾಗಿಸಿದರೆ ಎರಡೂ ಕರಗಿ ಒಂದಾಗುತ್ತವೆ. ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಇಟ್ಟರೆ ತಾಮ್ರವೇ ಎದ್ದು ಬರುತ್ತದೆ. ಮೇಲೆ ಹೀಟ್ ಶ್ರಿಂಕ್ ತೋಳು (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಏರಿಸಿ. ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳೂ ಸಿಗುತ್ತವೆ, ಬೇಗ ಆಗುತ್ತದೆ, ಆದರೆ ಹಬೆಗೆ ಅವುಗಳ ಹಲ್ಲು ಕಪ್ಪಾಗಿ ಒಂದೆರಡು ಮಳೆಗಾಲಕ್ಕೆ ಮಿಣುಕಲು ಶುರುವಾದದ್ದನ್ನು ಕಂಡಿದ್ದೇನೆ.

ಬಣ್ಣದಲ್ಲಿ ಒಂದು ಮೋಸವಿದೆ. ಗಡಿಯ ಆಚೆ ಕಪ್ಪು ಅಂದರೆ ನ್ಯೂಟ್ರಲ್, ಈಚೆ ಕಪ್ಪು ಅಂದರೆ ಮೈನಸ್. ಬಣ್ಣ ಬದಲಿಸುವ ಆರ್‌ಜಿಬಿ ಪಟ್ಟಿಯಲ್ಲಿ ಕಪ್ಪು ಬಹುಮಟ್ಟಿಗೆ ಪ್ಲಸ್! ಪಟ್ಟಿಯ ಮೇಲೆ ಅಚ್ಚಾದ ಗುರುತನ್ನು ಓದಿಯೇ ಜೋಡಿಸಿ.

ಎರಡು ಗೋಡೆಯ ಎರಡು ತುಂಡನ್ನು ಒಂದರ ಬಾಲಕ್ಕೆ ಇನ್ನೊಂದು ಕಟ್ಟಬೇಡಿ. ಡ್ರೈವರಿನಿಂದ ಎರಡಕ್ಕೂ ಬೇರೆ ಬೇರೆ ಜೋಡಿ ವೈರು ಎಳೆಯಿರಿ, ಬೆಳಕು ಎರಡೂ ಕಡೆ ಸಮ ಇರುತ್ತದೆ. ಡಿಮ್ಮರ್ ಬೇಕಿದ್ದರೆ 12 ವೋಲ್ಟಿನ ಪಿಡಬ್ಲ್ಯುಎಂ (ಕರೆಂಟನ್ನು ಬಹಳ ವೇಗವಾಗಿ ಹಾಕಿ ಆರಿಸಿ ಬೆಳಕು ತಗ್ಗಿಸುವ) ಡಿಮ್ಮರನ್ನು ಡ್ರೈವರಿಗೂ ಪಟ್ಟಿಗೂ ನಡುವೆ ಕೂರಿಸಿ. ಕೈ ಬೀಸಿದರೆ ಹತ್ತುವ ಸೆನ್ಸರ್ ಹಾಕಿಸಿದರೆ ಚಪಾತಿ ಹಿಟ್ಟಿನ ಕೈಯಲ್ಲಿ ಸ್ವಿಚ್ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ನನ್ನ ಕೇಳಿದರೆ ಡಿಮ್ಮರಿಗಿಂತ ಇದು ಉಪಯೋಗ.

ಪ್ರೊಫೈಲ್ ಕೂರಿಸುವ ಮುನ್ನ ಕ್ಯಾಬಿನೆಟ್ಟಿನ ಅಡಿಯನ್ನು ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿ. ಪ್ಲೈವುಡ್ 18 ಮಿ.ಮೀ. ಇರುವುದರಿಂದ ಸ್ಕ್ರೂ 12 ಮಿ.ಮೀ. ಮೀರಬಾರದು, ಇಲ್ಲದಿದ್ದರೆ ಮೊನೆ ಮೇಲೆ ತೂರಿ ಸಾಂಬಾರ ಡಬ್ಬ ತೆಗೆಯುವ ಕೈಯನ್ನು ಗೀರುತ್ತದೆ. ಮೊದಲು ಕ್ಲಿಪ್ಪು, ಆಮೇಲೆ ಪ್ರೊಫೈಲ್, ಅದರೊಳಗೆ ಪಟ್ಟಿ, ಮೇಲೆ ಹಾಲುಬಣ್ಣದ ಮುಚ್ಚಳ. ಬೆಸುಗೆಯ ಗುಬ್ಬಿ ಅಲ್ಯೂಮಿನಿಯಮ್ಮಿಗೆ ತಾಗದ ಹಾಗೆ ಕೆಳಗೊಂದು ಕ್ಯಾಪ್ಟಾನ್ ಟೇಪ್ (ಕಾವು ತಡೆಯುವ, ಕರೆಂಟ್ ಹರಿಯಗೊಡದ ಟೇಪ್) ತುಂಡು ಹಾಕಿ. ಎರಡೂ ಗುಬ್ಬಿ ಲೋಹಕ್ಕೆ ತಾಗಿದರೆ ಶಾರ್ಟ್.

ಹಾಕಿ ನೋಡುವ ಹೊತ್ತು

ಡ್ರೈವರ್ ಕೊಡುವ ಮೊದಲು ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಪ್ಲಸ್-ಮೈನಸ್ ನಡುವೆ ನೋಡಿ, ಕೂಗಬಾರದು. ಮೇನ್, ಯುಪಿಎಸ್, ಎಂಸಿಬಿ, ಕೊನೆಗೆ ಲೈಟಿನ ಸ್ವಿಚ್, ಈ ಕ್ರಮದಲ್ಲಿ ಏರಿಸಿ. ಪಟ್ಟಿಯ ಕೊನೆಯ ತುದಿಯಲ್ಲಿ ಡಿಸಿ ಅಳೆಯಿರಿ: 11.4 ವೋಲ್ಟಿನ ಮೇಲಿದ್ದರೆ ನೆಮ್ಮದಿ. ಒಂದು ಗಂಟೆ ಉರಿಸಿ ಡ್ರೈವರ್ ಮೇಲೆ ಕೈ ಇಡಿ. ಬಿಸಿ ಕಾಫಿ ಲೋಟದಷ್ಟು ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಲೋಡ್ ಹೆಚ್ಚಾಗಿದೆ ಅಥವಾ ಡ್ರೈವರ್ ಕಳಪೆ.

ಸ್ವಿಚ್ ಆರಿಸಿದ ಮೇಲೂ ಪಟ್ಟಿ ಮಿಣಮಿಣ ಅನ್ನುತ್ತಿದ್ದರೆ ಮೊದಲು ಸ್ವಿಚ್ಚಿನಲ್ಲಿ ಸಣ್ಣ ಕೆಂಪು ಇಂಡಿಕೇಟರ್ ಇದೆಯೇ ನೋಡಿ, ಅದರ ಮೂಲಕ ಸೋರುವ ಚೂರು ಕರೆಂಟೇ ಸಾಕಾಗುತ್ತದೆ. ಅದಿಲ್ಲದಿದ್ದರೆ ಸ್ವಿಚ್ಚು ನ್ಯೂಟ್ರಲ್‌ನಲ್ಲಿ ಬಿದ್ದಿರಬಹುದು, ಎಲೆಕ್ಟ್ರಿಷಿಯನ್ನನ್ನು ವಾಪಸ್ ಕರೆಸಿ. ಒಂದು ತುದಿ ಪ್ರಕಾಶ, ಇನ್ನೊಂದು ಮಂಕು ಅಂದರೆ ಒಂದೇ ತುದಿಯಿಂದ ಕರೆಂಟ್ ಕೊಟ್ಟ ಪಟ್ಟಿಯ ಉದ್ದ ಜಾಸ್ತಿಯಾಯಿತು. ಮೂರೇ ಎಲ್‌ಇಡಿ ಆರಿ ಉಳಿದದ್ದು ಉರಿಯುತ್ತಿದ್ದರೆ ಆ ತುಂಡು ಮಾತ್ರ ಸತ್ತಿದೆ, ಕತ್ತರಿಸಿ ಬೇರೆ ಬೆಸೆಯಬಹುದು. ಇಡೀ ಪಟ್ಟಿ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿದ್ದರೆ ಎಲ್ಲೋ ಶಾರ್ಟ್ ಇದೆ ಅಥವಾ ಡ್ರೈವರಿಗೆ ಹೊರೆ ಜಾಸ್ತಿ. ಆ ಸ್ಥಿತಿಯಲ್ಲಿ ‘ಇರಲಿ’ ಅಂತ ಬಿಡಬೇಡಿ. ಲೈಟು ಹಾಕಿದಾಗೆಲ್ಲ ಆರ್‌ಸಿಸಿಬಿ ಬೀಳುತ್ತಿದ್ದರೆ ಕಾರಣ ಗಡಿಯ ಆಚೆಯೇ ಇದೆ, ಅಲ್ಲಿಗೆ ನೀವು ಕೈ ಹಾಕಬೇಡಿ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಹಿಡಿದೆಳೆಯಲು ಹೋಗಬೇಡಿ. ಮೊದಲು ಮೇನ್, ಜೊತೆಗೆ ಯುಪಿಎಸ್. ಆಗದಿದ್ದರೆ ಒಣ ಕೋಲಿನಿಂದ ಬೇರ್ಪಡಿಸಿ, 108ಕ್ಕೆ ಫೋನ್ ಮಾಡಿ.

ಎಲ್ಲ ಸರಿಯಿದ್ದರೆ ಜಂಕ್ಷನ್ ಡಬ್ಬಿಯ ಮುಚ್ಚಳ ಹಾಕುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಡಿಬಿಯ ಬಾಗಿಲ ಒಳಗೆ ಮಾರ್ಕರಿನಲ್ಲಿ ಬರೆಯಿರಿ: ‘ಕಟ್ಟೆ ಲೈಟ್, ಯುಪಿಎಸ್ ಲೈನ್, ಮೇನ್ ಇಳಿಸಿದರೂ ಕರೆಂಟ್ ಇರುತ್ತದೆ.’ ತಿಂಗಳಿಗೊಮ್ಮೆ ಲೈಟು ಆರಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಪ್ರೊಫೈಲಿನ ಜಿಡ್ಡು ಒರೆಸಿ. ಅದೇ ದಿನ ಆರ್‌ಸಿಸಿಬಿಯ ‘ಟಿ’ ಗುಂಡಿಯನ್ನೂ ಒತ್ತಿಬಿಡಿ. ಟಿವಿ ನೋಡುತ್ತಿರುವವರಿಗೆ ಮೊದಲೇ ಹೇಳಿ ಒತ್ತಿ.